ಗಟ್ಟಿ ಮಗು ಎಂಬ ಹೊಗಳಿಕೆ

ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಎಳೆಯ ಮಕ್ಕಳ ಅಪ್ಪನೋ ಅಮ್ಮನೋ ತೀರಿಕೊಂಡಾಗ, ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ ಚಾಪೆಯ ಮೇಲೆ ಕುಳಿತ ಹಿರಿಯರ ಬಾಯಿಂದ ಒಂದು ಮಾತು ತಪ್ಪದೆ ಬರುತ್ತದೆ: ‘ಹುಡುಗ ಭಾಳ ಗಟ್ಟಿ, ಒಂದು ಹನಿ ಕಣ್ಣೀರು ಹಾಕಲಿಲ್ಲ.’ ಕುಳಿತವರೆಲ್ಲ ತಲೆದೂಗುತ್ತಾರೆ. ಒಳಕೋಣೆಯ ಬಾಗಿಲ ಸಂದಿನಲ್ಲಿ ನಿಂತ ಹುಡುಗ ಅದನ್ನು ಕೇಳಿಸಿಕೊಳ್ಳುತ್ತಾನೆ. ತಾನು ಅಳದಿದ್ದರೆ ದೊಡ್ಡವರಿಗೆ ಸಮಾಧಾನವಾಗುತ್ತದೆ ಎಂಬುದು ಆ ಕ್ಷಣದಲ್ಲಿ ಅವನಿಗೆ ಅರ್ಥವಾಗುತ್ತದೆ. ಅಂದಿನಿಂದ ಅವನು ಅಳುವುದಿಲ್ಲ. ಈ ಹೊಗಳಿಕೆಯ ಮೇಲೆಯೇ ನನ್ನ ತಕರಾರು. ಅಕ್ಕರೆಯ ದನಿಯಲ್ಲಿ ಬಂದರೂ ಇದು ದೊಡ್ಡವರು ತಮ್ಮ ಅನುಕೂಲಕ್ಕಾಗಿ ಹೊರಡಿಸುವ ಆಜ್ಞೆ.

ಆಜ್ಞೆಗಳು ಅಷ್ಟಕ್ಕೇ ಮುಗಿಯುವುದೂ ಇಲ್ಲ. ಹತ್ತು ವರ್ಷದ ಹುಡುಗನಿಗೆ ‘ಇನ್ನು ಮೇಲೆ ಈ ಮನೆಗೆ ನೀನೇ ಗಂಡಸು’ ಎನ್ನುತ್ತೇವೆ. ಹನ್ನೆರಡರ ಹುಡುಗಿಗೆ ‘ತಮ್ಮನಿಗೆ ಇನ್ನು ನೀನೇ ಅಮ್ಮ’ ಎನ್ನುತ್ತೇವೆ. ಅವರಿಗಿಂತ ಚಿಕ್ಕವರಿಗೆ ಸುಳ್ಳು ಹೇಳುತ್ತೇವೆ: ಅಪ್ಪ ಮಲಗಿದ್ದಾರೆ, ಅಪ್ಪ ದೇವರ ಹತ್ತಿರ ಹೋಗಿದ್ದಾರೆ, ಅಪ್ಪ ಊರಿಗೆ ಹೋಗಿದ್ದಾರೆ. ಕೊನೆಯ ಸುಳ್ಳು ಹೊರನಾಡಿನಲ್ಲಿ ಎಷ್ಟು ಕ್ರೂರವೆಂಬುದನ್ನು ನಾವು ಯೋಚಿಸಿಯೇ ಇಲ್ಲ. ಕರ್ನಾಟಕದೊಳಗಿನ ಮಗುವಿಗೆ ಅದೊಂದು ಮಸುಕಾದ ಮಾತಾಗಿರಬಹುದು. ನಮ್ಮ ಮಕ್ಕಳಿಗೆ ‘ಊರು’ ಎಂಬುದು ನಿಜವಾದ ಜಾಗ. ದಸರೆಗೋ ಬೇಸಿಗೆ ರಜೆಗೋ ಕಾಚಿಗುಡದಲ್ಲಿ ರೈಲು ಹತ್ತಿ ತಲುಪುವ ಜಾಗ. ಅಪ್ಪ ಊರಿಗೆ ಹೋಗಿದ್ದಾರೆಂದು ನಂಬಿಸಲ್ಪಟ್ಟ ಆರು ವರ್ಷದ ಕೂಸು ರಜೆ ಬರುವವರೆಗೆ ಕಾಯುತ್ತದೆ, ರೈಲಿನಿಂದ ಇಳಿಯುತ್ತದೆ, ಅಜ್ಜನ ಮನೆಯ ಒಂದೊಂದೇ ಕೋಣೆಯೊಳಗೆ ಇಣುಕುತ್ತದೆ.

ಐದಾರು ವರ್ಷದೊಳಗಿನ ಮಕ್ಕಳಿಗೆ ಸಾವು ಹಿಂದಿರುಗದ ಸಂಗತಿಯೆಂಬುದು ತಾನಾಗಿ ತಿಳಿಯುವುದಿಲ್ಲ. ಹೇಳಬೇಕು, ಕೇಳಿದಾಗಲೆಲ್ಲ ಮತ್ತೆ ಹೇಳಬೇಕು. ಮಲಗಿದ್ದಾರೆಂದು ಹೇಳಿದರೆ ಮಗು ನಿದ್ದೆಗೆ ಹೆದರತೊಡಗುತ್ತದೆ. ಏನನ್ನೂ ಹೇಳದಿದ್ದರೆ ತಾನೇ ಕಾರಣವನ್ನು ಹುಡುಕಿಕೊಳ್ಳುತ್ತದೆ. ಆ ಕಾರಣ ಬಹುಮಟ್ಟಿಗೆ ತಾನೇ ಆಗಿರುತ್ತದೆ: ಅಂದು ಬೆಳಿಗ್ಗೆ ಹಟ ಮಾಡಿದ್ದು, ಹಾಲು ಚೆಲ್ಲಿದ್ದು, ಅಮ್ಮನಿಗೆ ಎದುರು ಮಾತಾಡಿದ್ದು. ಇದನ್ನು ಮಗು ಯಾರಲ್ಲಿಯೂ ಹೇಳುವುದಿಲ್ಲ. ಗಟ್ಟಿ ಮಗುವಂತೂ ಖಂಡಿತ ಹೇಳುವುದಿಲ್ಲ.

ಇಲ್ಲಿ ಯಾರಾದರೂ ಒಬ್ಬರು ವಿಶ್ವೇಶ್ವರಯ್ಯನವರ ಹೆಸರು ತೆಗೆದೇ ತೆಗೆಯುತ್ತಾರೆ. ಹೈದರಾಬಾದಿನಲ್ಲಿ ಅದು ಸಹಜವೂ ಹೌದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದ ಸಾವಿರಾರು ಜನರನ್ನು ಕೊಂಡೊಯ್ದ ಮೇಲೆ, ಪ್ರವಾಹ ತಡೆಯುವ ಉಪಾಯಕ್ಕೆಂದು ನಿಜಾಮರ ಸರ್ಕಾರ ಕರೆಸಿಕೊಂಡಿದ್ದು ಅವರನ್ನು. ನಾವು ಗಂಡಿಪೇಟೆಯೆಂದು ಕರೆಯುವ ಉಸ್ಮಾನ್ ಸಾಗರ, ಅದರ ಜೊತೆಯ ಹಿಮಾಯತ್ ಸಾಗರ ಅವರ ಯೋಜನೆಯ ಫಲ. ಅಂಥವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಸಭೆಗಳಲ್ಲಿ ಈ ಕಥೆಯನ್ನು ಹೇಳುವ ಕ್ರಮ ಒಂದೇ: ತಂದೆ ಸತ್ತರು, ಬಡತನ ಬಂತು, ಹುಡುಗ ಎದೆಗುಂದಲಿಲ್ಲ, ಭಾರತರತ್ನವಾದ. ನಡುವಿನಲ್ಲಿ ಯಾರೂ ಇಲ್ಲ.

ಆದರೆ ನಡುವಿನಲ್ಲಿ ಜನರಿದ್ದರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರಿದ್ದರು. ಹುಡುಗನ ಓದು ನಿಲ್ಲದಂತೆ ನೋಡಿಕೊಂಡರು. ಮನೆಪಾಠ ಹೇಳಿಕೊಡುವ ಕೆಲಸ ಕೊಟ್ಟು ಆಸರೆಯಾದ ಕೊಡಗಿನ ಕುಟುಂಬವೊಂದಿತ್ತು. ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರ ಪ್ರೀತಿಯಿತ್ತು. ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನವಿತ್ತು. ಬಂಧು, ಪರಿಚಿತರ ಮನೆ, ಮೇಷ್ಟರು, ಸರ್ಕಾರ ಈ ನಾಲ್ವರೂ ಕೂಡಿ ಒಬ್ಬ ಹುಡುಗನನ್ನು ಹಿಡಿದುಕೊಂಡರು. ನಾವು ಈ ನಾಲ್ವರನ್ನೂ ಕಥೆಯಿಂದ ಹೊರಗಟ್ಟಿ, ಉಳಿದಿದ್ದನ್ನು ‘ಆತ್ಮಸ್ಥೈರ್ಯ’ ಎಂದು ಕರೆದು, ಅದನ್ನೇ ಮೊನ್ನೆ ತಂದೆ ಸತ್ತ ಹುಡುಗನ ಕೈಗಿಡುತ್ತೇವೆ. ಅವನ ಸೋದರಮಾವ ಆ ಹೊತ್ತಿಗೆ ವಾಪಸು ರೈಲು ಹತ್ತಿರುತ್ತಾನೆ.

ಬೇಂದ್ರೆಯವರದೂ ಇಂಥದೇ ಉದಾಹರಣೆ. ತಂದೆ ಬೇಗ ತೀರಿಕೊಂಡರು. ತಾಯಿ ಅಂಬಿಕೆಯ ದುಡಿಮೆ, ಮನೆಯವರ ಆಸರೆ ಹುಡುಗನನ್ನು ಬೆಳೆಸಿದವು. ಮುಂದೆ ಕವಿಯಾದಾಗ ಅವರು ‘ಅಂಬಿಕಾತನಯದತ್ತ’ ಎಂದು ತಾಯಿಯ ಹೆಸರಿನಿಂದಲೇ ತಮ್ಮನ್ನು ಕರೆದುಕೊಂಡರು. ಉಳಿದುಕೊಂಡವರು ಯಾರು, ಅವರು ಹೇಗಿದ್ದರು ಎಂಬುದರಿಂದ ಮಗುವಿನ ಮುಂದಿನ ಬದುಕು ನಿರ್ಧಾರವಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ.

ಅಮೆರಿಕದ ಬಾಸ್ಟನ್ ಸುತ್ತಿನಲ್ಲಿ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಎಂಬಿಬ್ಬರು, ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ 70 ಕುಟುಂಬಗಳ 125 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರು. ಮಗು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಉಳಿದ ಪೋಷಕರ ಸ್ಥಿತಿ. ಇನ್ನೊಂದು ಸಂಗತಿ ನಮಗೆ ಮುಖ್ಯವಾದದ್ದು. ತಂದೆತಾಯಿ ಇಬ್ಬರೂ ಇರುವ ಮಕ್ಕಳಿಗೂ ಇವರಿಗೂ ನಡುವಿನ ಅಂತರ ಮೊದಲ ವರ್ಷಕ್ಕಿಂತ ಎರಡನೆಯ ವರ್ಷದ ಕೊನೆಗೆ ಹೆಚ್ಚು ಎದ್ದು ಕಂಡಿತು. ಅಂದರೆ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯ ಎಲೆ ಎತ್ತಿ ನಾವು ಕೈತೊಳೆದುಕೊಂಡು ಹೊರಟಾಗ, ಮಗುವಿನ ಕಷ್ಟ ಇನ್ನೂ ಶುರುವಾಗಿರುವುದೇ ಇಲ್ಲ. ಅರಿಜೋನಾ ವಿಶ್ವವಿದ್ಯಾಲಯವೊಂದರಲ್ಲಿ ಇರ್ವಿನ್ ಸ್ಯಾಂಡ್ಲರ್ ಮತ್ತು ಸಂಗಡಿಗರು 156 ಕುಟುಂಬಗಳೊಂದಿಗೆ ನಡೆಸಿದ ಪ್ರಯೋಗ ಇನ್ನೂ ಸರಳವಾದದ್ದು. ಮಕ್ಕಳಿಗೂ ಉಳಿದ ಪೋಷಕರಿಗೂ ಹನ್ನೆರಡು ಭೇಟಿ. ದೊಡ್ಡವರಿಗೆ ಕಲಿಸಿದ್ದು ಮಗುವಿನೊಂದಿಗೆ ದಿನವೂ ಸ್ವಲ್ಪ ಹೊತ್ತು ಇರುವುದು, ಅದು ಹೇಳುವುದನ್ನು ಕೇಳಿಸಿಕೊಳ್ಳುವುದು, ಮನೆಯ ಶಿಸ್ತನ್ನು ಕೈಬಿಡದಿರುವುದು, ದುಡ್ಡಿನ ಜಗಳ ಮತ್ತು ಸ್ಥಳ ಬದಲಾವಣೆಗಳ ಪೆಟ್ಟು ಮಗುವಿಗೆ ತಾಗದಂತೆ ನೋಡಿಕೊಳ್ಳುವುದು. ಇಷ್ಟರ ಪ್ರಯೋಜನ ಆರು ವರ್ಷಗಳ ನಂತರವೂ, ಹದಿನೈದು ವರ್ಷಗಳ ನಂತರವೂ ಕಾಣಿಸುತ್ತಿತ್ತು.

‘ಇದೆಲ್ಲ ಪಶ್ಚಿಮದವರ ಗೋಳು, ನಮಗೆ ಅವಿಭಕ್ತ ಕುಟುಂಬವಿತ್ತು’ ಎನ್ನುವವರಿಗೆ ಎರಡು ಉತ್ತರಗಳಿವೆ. ಇತ್ತು, ಈಗಿಲ್ಲ ಎಂಬುದು ಮೊದಲನೆಯದು. ಮಿಯಾಪುರದ ಎಂಟನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ದೊಡ್ಡಪ್ಪ ಚಿಕ್ಕಮ್ಮಂದಿರನ್ನು ಎಲ್ಲಿಂದ ತರುವುದು? ಎರಡನೆಯ ಉತ್ತರಕ್ಕೆ ಭೈರಪ್ಪನವರ ‘ಗೃಹಭಂಗ’ವನ್ನು ಓದಬೇಕು. ಪ್ಲೇಗಿಗೆ ತುತ್ತಾದ ನಂಜಮ್ಮನ ಮಗ ವಿಶ್ವನಿಗೆ ತಂದೆಯೂ ಇದ್ದ, ಅಜ್ಜಿಯೂ ಇದ್ದಳು. ಕೊನೆಗೆ ಆ ಮಗುವಿನ ಕೈ ಹಿಡಿದು ಊರು ಬಿಟ್ಟು ನಡೆದದ್ದು ಭಿಕ್ಷೆಯೆತ್ತುವ ಜಂಗಮ ಮಹಾದೇವಯ್ಯ. ಬಂಧುಗಳ ಎಣಿಕೆಯಿಂದ ಆಸರೆಯ ಲೆಕ್ಕ ಸಿಗುವುದಿಲ್ಲ.

ನಮ್ಮದೇ ಆದದ್ದು ಬೇಕೆಂದರೆ ಗೋವಿನ ಹಾಡು ಇದೆ. ಅದನ್ನು ಕಂಠಪಾಠ ಮಾಡದ ಕನ್ನಡಿಗನಿಲ್ಲ. ಇಲ್ಲಿ ಹುಟ್ಟಿ ಕನ್ನಡ ಓದಲು ಬಾರದ ನಮ್ಮ ಮಕ್ಕಳೂ ರಾಜ್ಯೋತ್ಸವದ ವೇದಿಕೆಯ ಮೇಲೆ ಹಸುವಿನ ಮುಖವಾಡ ಕಟ್ಟಿಕೊಂಡು ಅದನ್ನು ಆಡುತ್ತಾರೆ. ನೂರು ಸಲ ನೋಡಿದ ಮೇಲೂ ನಾವು ಅದರಿಂದ ಎತ್ತಿಕೊಳ್ಳುವ ನೀತಿ ಒಂದೇ: ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹುಲಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ದೊಡ್ಡಿಯೊಳಗೆ ನಡೆದುದನ್ನು ನೋಡಿ. ಸಾಯಲು ಹೊರಟ ತಾಯಿ ಕರುವಿಗೆ ಊರಿಗೆ ಹೋಗುತ್ತೇನೆಂದು ಹೇಳಲಿಲ್ಲ. ಹುಲಿಯ ಹೆಸರು ಹಿಡಿದು, ಹಿಂದಿರುಗಿ ಬರುವುದಿಲ್ಲವೆಂದೇ ಹೇಳಿದಳು. ಇನ್ನು ನನಗೆ ಹಾಲು ಕೊಡುವವರಾರು, ಯಾರ ಪಕ್ಕದಲ್ಲಿ ಮಲಗಲಿ ಎಂದು ಕರು ಕೇಳಿತು, ಕೇಳಬಾರದೆಂದು ಗದರಲಿಲ್ಲ. ಆ ಮೇಲೆ ನೆರೆದಿದ್ದ ಹಸುಗಳ ಕಡೆಗೆ ತಿರುಗಿ ಕರುವನ್ನು ಒಪ್ಪಿಸಿದಳು. ಒಪ್ಪಿಸಿದ್ದು ‘ದೇವರಿದ್ದಾನೆ’ ಎಂಬಂಥ ತೇಲುಮಾತಿನಲ್ಲಲ್ಲ. ಕೊಂಬು ತಾಗಿಸಬಾರದು, ಕಾಲು ಬೀಸಬಾರದು ಎಂಬಷ್ಟು ಬಿಡಿಬಿಡಿಯಾದ ಕೋರಿಕೆಯಲ್ಲಿ. ತಬ್ಬಲಿಯ ಪಾಲಿಗೆ ಹೊಡೆತ ಎಲ್ಲಿಂದ ಬರುತ್ತದೆಂಬುದು ಆ ಹಾಡು ಕಟ್ಟಿದವರಿಗೆ ಗೊತ್ತಿತ್ತು: ಹುಲಿಯಿಂದಲ್ಲ, ದೊಡ್ಡಿಯೊಳಗಿನಿಂದ. ಬಾಸ್ಟನ್ನಿನವರೂ ಅರಿಜೋನಾದವರೂ ಹೇಳುತ್ತಿರುವುದೆಲ್ಲ ಇಲ್ಲಿದೆ. ನಾವು ಸತ್ಯವನ್ನು ವಿಮಾ ಕಚೇರಿಗೆ ಹೇಳುತ್ತೇವೆ, ಬ್ಯಾಂಕಿಗೆ ಹೇಳುತ್ತೇವೆ, ತಹಶೀಲ್ದಾರರಿಗೆ ಹೇಳುತ್ತೇವೆ. ಮಗುವಿಗೆ ಮಾತ್ರ ಹೇಳುವುದಿಲ್ಲ.

ಸರ್ಕಾರದ ಲೆಕ್ಕದ ವಿಚಾರಕ್ಕೆ ಬರುತ್ತೇನೆ. ಕೋವಿಡ್ ಕಾಲದಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟ ಅಂಕಿಗಳ ಪ್ರಕಾರ, 2020ರ ಏಪ್ರಿಲ್‌ನಿಂದ 2022ರ ಜನವರಿ 11ರವರೆಗೆ ಇಬ್ಬರೂ ಪೋಷಕರನ್ನು ಕಳೆದುಕೊಂಡ ಮಕ್ಕಳು 10,094. ಒಬ್ಬರನ್ನು ಕಳೆದುಕೊಂಡವರು 1,36,910. ಕಾರಣ ಕೋವಿಡ್ ಆಗಲಿ ಬೇರೆಯಾಗಲಿ, ಎಲ್ಲವೂ ಸೇರಿದ ಲೆಕ್ಕವಿದು. 2021ರ ಮೇ 29ರಂದು ಘೋಷಣೆಯಾದ ಪಿ.ಎಂ. ಕೇರ್ಸ್ ಮಕ್ಕಳ ಯೋಜನೆ, ಇಪ್ಪತ್ತಮೂರು ತುಂಬಿದಾಗ ಹತ್ತು ಲಕ್ಷ ಸಿಗುವ ಆ ಯೋಜನೆ, ಮೊದಲ ಗುಂಪಿನವರಿಗಾಗಿ, ಅಂದರೆ ಕೋವಿಡ್‌ನಿಂದ ಇಬ್ಬರನ್ನೂ ಅಥವಾ ಉಳಿದಿದ್ದ ಒಬ್ಬರನ್ನೂ ಕಳೆದುಕೊಂಡವರಿಗಾಗಿ ಮಾಡಿದ್ದು. ಬೇಡವೆನ್ನಲಾರೆ. ಆದರೆ ಒಬ್ಬರನ್ನು ಕಳೆದುಕೊಂಡ ಮಗು ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿದ್ದಾಗ, ‘ಅನಾಥ’ ಎಂಬ ಪದದೊಳಗೆ ಅದಕ್ಕೆ ಜಾಗವೇ ಇಲ್ಲವಾಯಿತು. ತಾಯಿಯಿದ್ದಾಳಲ್ಲ, ಇನ್ನೇನು ಎಂಬ ಧೋರಣೆ.

ಈ ನಗರದ ಉರ್ದುವಿಗೆ ಈ ಗೊಂದಲವಿಲ್ಲ. ನಾಂಪಲ್ಲಿ ರೈಲು ನಿಲ್ದಾಣದ ಎದುರು ಅನೀಸುಲ್ ಗುರ್ಬಾ ಯತೀಮ್‌ಖಾನೆಯನ್ನು ದಾಟಿ ಹೋಗುವ ನಾವು ‘ಯತೀಮ್’ ಎಂದರೆ ಅನಾಥನೆಂದೇ ತಿಳಿದಿದ್ದೇವೆ. ಶಾಸ್ತ್ರದ ಅರ್ಥದಲ್ಲಿ ಅದು ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳೆದುಕೊಂಡ ಮಗು. ತಾಯಿ ಬದುಕಿದ್ದರೂ ಅದು ಯತೀಮ್. ತಾಯಿಯನ್ನು ಕಳೆದುಕೊಂಡದ್ದಕ್ಕೆ ಉರ್ದುವಿನಲ್ಲಿ ಯಸೀರ್ ಎಂಬ ಬೇರೆಯ ಮಾತೇ ಇದೆ. ನಮ್ಮ ‘ತಬ್ಬಲಿ’ಯೂ ಮೂಲತಃ ತಾಯಿಯಿಲ್ಲದ ಕೂಸು. ಒಬ್ಬರು ಹೋದರೂ ಮಗುವಿಗೆ ಹೆಸರಿಟ್ಟು ಗುರುತಿಸಬೇಕೆಂದು ನಮ್ಮ ಜನಕ್ಕೆ ತಿಳಿದಿತ್ತು. ನಮ್ಮ ಅರ್ಜಿ ನಮೂನೆಗಳಿಗೆ ಇನ್ನೂ ಪೂರ್ತಿ ತಿಳಿದಿಲ್ಲ.

ಪೂರ್ತಿ ಎಂದೆ, ಏಕೆಂದರೆ ಒಂದು ಬಾಗಿಲು ತೆರೆದಿದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ವಿಧವೆಯ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಕುಟುಂಬದ ವರ್ಷದ ಆದಾಯ ಹಳ್ಳಿಗಳಲ್ಲಿ 72,000, ನಗರಗಳಲ್ಲಿ 96,000 ರೂಪಾಯಿ ಮೀರಿರಬಾರದು. ಈ ಬ್ಲಾಗನ್ನು ಓದುವ ಮನೆಗಳಿಗೆ ಅದು ದಕ್ಕುವುದಿಲ್ಲ. ಆದರೆ ನಾವು ವಾಸಿಸುವ ಮನೆಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರಿದ್ದಾರೆ. ಅವರೂ ಹೊರನಾಡ ಕನ್ನಡಿಗರೇ, ನಮ್ಮ ಸಂಘಗಳ ಸದಸ್ಯತ್ವದ ಪಟ್ಟಿಯಲ್ಲಿ ಇಲ್ಲದಿದ್ದರೂ. ಸಾರುವೆಯಿಂದ ಗಂಡ ಬಿದ್ದು ಸತ್ತ ಹೆಂಗಸಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಂಬುದೊಂದಿದೆಯೆಂದು ಹೇಳುವವರು ಯಾರು? ಮರಣಪತ್ರ, ಆದಾಯಪತ್ರ, ವಾಸದ ದಾಖಲೆಗಳನ್ನು ಹೊಂದಿಸಿ, ತೆಲುಗಿನಲ್ಲಿ ಅರ್ಜಿ ಬರೆದುಕೊಡುವವರು ಯಾರು? ಮೂರು ಭಾಷೆಗಳಲ್ಲಿ ಕವಿತೆ ಅನುವಾದಿಸಬಲ್ಲವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಒಂದು ಅರ್ಜಿ ಅನುವಾದಿಸುವುದು ಅದಕ್ಕಿಂತ ಕಷ್ಟವೇನಲ್ಲ.

ಮಧ್ಯಮ ವರ್ಗದ ಕನ್ನಡದ ಮನೆಗಳ ತೊಂದರೆ ಬೇರೆ. ಅಲ್ಲಿ ಸಾವಿನ ತಿಂಗಳೊಳಗೇ ಎರಡು ಸಲಹೆಗಳು ಬರುತ್ತವೆ. ‘ಇಲ್ಲಿ ಯಾರಿದ್ದಾರೆ, ಊರಿಗೆ ಹೋಗಿಬಿಡಿ’ ಎಂಬುದೊಂದು. ‘ಹಾಸ್ಟೆಲಿಗೆ ಹಾಕಿ, ಓದಿನಲ್ಲಿ ಮರೆಯುತ್ತಾನೆ’ ಎಂಬುದಿನ್ನೊಂದು. ವಸತಿ ಕಾಲೇಜುಗಳಿಗೇ ಹೆಸರಾದ ಈ ಊರಿನಲ್ಲಿ ಎರಡನೆಯದು ಅತಿ ಸುಲಭ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಲೆಕ್ಕ ಬಿಡಿಸಲು ಕೂರಿಸುವ ಜಾಗದಲ್ಲಿ ಮಗು ಅಪ್ಪನನ್ನು ಮರೆಯುವುದಿಲ್ಲ. ನೆನೆಯಲು ಬಿಡುವಿಲ್ಲದಂತಾಗುತ್ತದೆ, ಅಷ್ಟೆ. ಅಪ್ಪನನ್ನು ಕಳೆದುಕೊಂಡ ಆರೇ ತಿಂಗಳಿಗೆ ಅಮ್ಮನಿಂದಲೂ ದೂರವಾದ ಮಗುವಿನ ಕಷ್ಟ ಇಮ್ಮಡಿಯಾಗುತ್ತದೆಂದು ತಿಳಿಯಲು ಯಾವ ಸಂಶೋಧನೆಯೂ ಬೇಕಿಲ್ಲ.

ಊರಿಗೆ ಹೋಗುವ ಸಲಹೆಯ ಹಿಂದೆ ಅಂತಃಕರಣವಿದೆ, ಒಪ್ಪುತ್ತೇನೆ. ಅಜ್ಜಿಯ ಮಡಿಲು ದೊಡ್ಡದು. ಆದರೂ ಹೊರಡುವ ಮುನ್ನ ಲೆಕ್ಕ ಹಾಕಬೇಕು. ಅಪ್ಪನ ಜೊತೆಗೆ ಮಗು ತನ್ನ ಶಾಲೆ, ಗೆಳೆಯರು, ಆಡುವ ತೆಲುಗು, ಪರಿಚಿತ ಬೀದಿ ಎಲ್ಲವನ್ನೂ ಒಂದೇ ವರ್ಷದಲ್ಲಿ ಕಳೆದುಕೊಳ್ಳುತ್ತದೆ. ಕಾಗದಪತ್ರಗಳ ಮಟ್ಟದಲ್ಲಿಯೂ ಅದು ಎಲ್ಲಿಯವನೂ ಅಲ್ಲದಂತಾಗುತ್ತದೆ. ತೆಲಂಗಾಣದಲ್ಲಿ ವೈದ್ಯಕೀಯ ಸೀಟಿಗೆ ಸ್ಥಳೀಯನೆನ್ನಿಸಿಕೊಳ್ಳಬೇಕಾದರೆ ಹನ್ನೆರಡನೆಯ ತರಗತಿಗೆ ಮುಗಿಯುವಂತೆ ಸತತ ನಾಲ್ಕು ವರ್ಷ ಇಲ್ಲಿ ಓದಿರಬೇಕು. ಕರ್ನಾಟಕದ ಸಿ.ಇ.ಟಿ.ಗೆ ಅಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಹೊರನಾಡ ಕನ್ನಡಿಗರಿಗೆ ಬೇರೆಯ ಕಲಮು ಇದೆ, ಕನ್ನಡ ಓದಬರೆಯಲು ಬಂದರೆ. ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿಗೆ ಹತ್ತು ವರ್ಷದ ವಾಸ ಬೇಕು. ಹತ್ತನೆಯ ತರಗತಿಯಲ್ಲಿ ತಂದೆ ತೀರಿಕೊಂಡು ರಾಯಚೂರಿಗೆ ಹೋದ ಹುಡುಗಿ ಇವುಗಳಲ್ಲಿ ಯಾವುದಕ್ಕೆ ಸೇರುತ್ತಾಳೆಂದು ಊರಿಗೆ ಹೋಗಿಬಿಡಿ ಎಂದವರು ಯೋಚಿಸಿರುವುದಿಲ್ಲ. ಕನಿಷ್ಠ ಆ ಶಾಲಾವರ್ಷ ಮುಗಿಯುವವರೆಗಾದರೂ ಇದ್ದ ಮನೆಯಲ್ಲಿ, ಇದ್ದ ಶಾಲೆಯಲ್ಲಿ ಉಳಿಸಿ ಎಂಬುದಷ್ಟೇ ನನ್ನ ಕೋರಿಕೆ. ಬಾಡಿಗೆ ಕಷ್ಟವಾದರೆ ಬಂಧುಗಳು ಸೇರಿ ಒಂದು ವರ್ಷದ ಬಾಡಿಗೆ ಹಂಚಿಕೊಳ್ಳಲಿ. ಹನ್ನೊಂದು ಜನ ಸೇರಿ ಗಯೆಗೆ ಹೋಗಿಬರುವ ಖರ್ಚಿನಲ್ಲಿ ಅದರ ದೊಡ್ಡ ಪಾಲು ನಡೆಯುತ್ತದೆ.

ಕರ್ಮಾಂತರಗಳ ಮೇಲೆ ನನಗೆ ಸಿಟ್ಟಿಲ್ಲ. ಮಾಸಿಕ, ವರ್ಷಾಬ್ದಿಕಗಳು ದುಃಖಕ್ಕೊಂದು ಪಂಚಾಂಗ ಹಾಕಿಕೊಟ್ಟಿವೆ. ಸತ್ತವರನ್ನು ತಿಂಗಳಿಗೊಮ್ಮೆ ಹೆಸರು ಹಿಡಿದು ಕರೆಯುವ ವ್ಯವಸ್ಥೆ ಬೇರೆ ನಾಡಿನವರು ಹೊಸದಾಗಿ ಕಟ್ಟಿಕೊಳ್ಳಬೇಕಾಗಿದೆ. ಸಿಟ್ಟಿರುವುದು ಮಗುವನ್ನು ಅದರಿಂದ ಹೊರಗಿಡುವುದರ ಬಗ್ಗೆ. ಎಂಟು ವರ್ಷದ ಮಗನ ಕೈಗೆ ದರ್ಭೆ ಕೊಟ್ಟು ಕೂರಿಸುತ್ತೇವೆ, ಏನು ನಡೆಯುತ್ತಿದೆಯೆಂದು ಒಂದು ಮಾತು ಹೇಳುವುದಿಲ್ಲ. ಹತ್ತು ವರ್ಷದ ಮಗಳನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತೇವೆ, ಸತ್ತದ್ದು ಅವಳ ಅಪ್ಪನಲ್ಲವೇನೋ ಎಂಬಂತೆ. ಅಪ್ಪನಿಗೆ ಇಷ್ಟವಾದದ್ದೇನೆಂದು ಅವಳನ್ನು ಕೇಳಿ, ಅದನ್ನು ಅವಳ ಕೈಯಿಂದಲೇ ಎಲೆಗೆ ಬಡಿಸುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯಿದೆ?

ಇನ್ನು ತಾಯಿಯ ಮಾತು. ಉಳಿದ ಪೋಷಕರ ಸ್ಥಿತಿಯೇ ಮಗುವಿನ ಸ್ಥಿತಿ ಎಂದ ಮೇಲೆ, ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯದಿರುವುದು, ಮದುವೆಮನೆಯಲ್ಲಿ ಹಿಂದಿನ ಸಾಲಿಗೆ ಸರಿಸುವುದು ಅವಳೊಬ್ಬಳಿಗೆ ಮಾಡುವ ಅವಮಾನವಾಗಿ ಉಳಿಯುವುದಿಲ್ಲ. ಅವಳ ಕೈ ಹಿಡಿದು ನಿಂತ ಮಗುವಿಗೆ ತನ್ನ ಮನೆಗೇನೋ ಕಳಂಕ ತಗಲಿದೆಯೆಂಬ ಪಾಠ ಅದು. ಹೆಂಡತಿಯನ್ನು ಕಳೆದುಕೊಂಡ ಗಂಡಿಗೆ ಈ ಅವಮಾನವಿಲ್ಲ, ಬೇರೊಂದು ಅವಸರವಿದೆ: ವರ್ಷ ತುಂಬುವುದರೊಳಗೆ ‘ಮಕ್ಕಳಿಗೊಬ್ಬ ತಾಯಿ ಬೇಕಲ್ಲ’ ಎಂದು ಜಾತಕ ಹಿಡಿದು ಬರುತ್ತಾರೆ. ಮಕ್ಕಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹೀಗಿರುವಾಗ ಸಂಘಗಳು ಏನು ಮಾಡಬೇಕು? ಶ್ರದ್ಧಾಂಜಲಿ ಸಭೆ, ಒಂದು ನಿಮಿಷದ ಮೌನ, ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟ, ಇವು ಸತ್ತವರಿಗೆ ಸಾಕು. ನಿಜಾಮರ ಕಾಲದಲ್ಲಿ, ಕನ್ನಡಕ್ಕೆ ಯಾವ ರಾಜಾಶ್ರಯವೂ ಇಲ್ಲದಾಗ, ಇಲ್ಲಿನ ಹಿರಿಯರು ಚಂದಾ ಎತ್ತಿ ಕನ್ನಡದ ಮಕ್ಕಳಿಗಾಗಿ ಶಾಲೆ ನಡೆಸಿದರು. ನಾನು ಕೇಳುತ್ತಿರುವುದಕ್ಕೆ ಅಷ್ಟು ಶ್ರಮವೂ ಬೇಡ, ದುಡ್ಡೂ ಬೇಡ. ಒಂದು ಪುಸ್ತಕ ಬೇಕು. ಸಂಘದ ಬಳಗದಲ್ಲಿ ಎಳೆಯ ಮಕ್ಕಳಿರುವ ಮನೆಯಲ್ಲಿ ಸಾವಾದಾಗ ಆ ಮನೆಗೊಂದು ಪುಟ. ತಿಂಗಳಿಗೆ ಎರಡು ಸಲ ಆ ಮನೆಗೆ ಹೋಗುವವರ ಹೆಸರು ಅದರಲ್ಲಿ ಬರೆದಿರಬೇಕು. ‘ಏನಾದರೂ ಬೇಕಾದರೆ ಹೇಳಿ’ ಎಂದು ಬಾಗಿಲಲ್ಲಿ ನಿಂತು ಬರುವವರದಲ್ಲ, ತಾಯಿ ಬ್ಯಾಂಕಿಗೆ ಹೋದಾಗ ಮಗುವಿನ ಜೊತೆ ಕೂರುವವರದು, ಶಾಲೆಯ ಪೋಷಕರ ಸಭೆಗೆ ಜೊತೆಗೆ ಹೋಗುವವರದು, ಸತ್ತ ತಂದೆಯ ಹೆಸರನ್ನು ಮಗುವಿನ ಮುಂದೆ ಹೆದರದೆ ಎತ್ತಿ ಅವರ ಒಂದು ಹಳೆಯ ಕಥೆ ಹೇಳಬಲ್ಲವರದು. ಸತ್ತವರ ಜೊತೆಗಿನ ನಂಟನ್ನು ಕಡಿದುಕೊಂಡರೆ ಮಾತ್ರ ಚೇತರಿಕೆ ಎಂಬ ಹಳೆಯ ಅಭಿಪ್ರಾಯವನ್ನು ಡೆನಿಸ್ ಕ್ಲಾಸ್, ಸಿಲ್ವರ್‌ಮನ್ ಮೊದಲಾದವರು 1996ರಲ್ಲಿಯೇ ಪ್ರಶ್ನಿಸಿದರು. ಮಕ್ಕಳು ಆ ನಂಟನ್ನು ಒಳಗಿಟ್ಟುಕೊಂಡೇ ಬೆಳೆಯುತ್ತಾರೆ. ಅದಕ್ಕೆ ಕಥೆಗಳು ಬೇಕು, ಕಥೆಗಳು ದೊಡ್ಡವರ ಹತ್ತಿರ ಇವೆ.

ಅದೇ ಪುಸ್ತಕದ ಮೊದಲ ಪುಟದಲ್ಲಿ ಎರಡು ಸಂಖ್ಯೆಗಳೂ ಇರಲಿ. ಮಕ್ಕಳ ಸಹಾಯವಾಣಿ 1098. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416; ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಮಗು ವಾರಗಟ್ಟಲೆ ನಿದ್ದೆ ಬಿಟ್ಟರೆ, ಶಾಲೆಯನ್ನೇ ಬಿಟ್ಟರೆ, ತಾನೂ ಅಪ್ಪನ ಹತ್ತಿರ ಹೋಗುತ್ತೇನೆ ಎಂದರೆ ಕಾಲವೇ ಮದ್ದು ಎಂದು ಕೂರದೆ ಅವತ್ತೇ ಕರೆ ಮಾಡಬೇಕು.

ಪುಟದಲ್ಲಿ ಇಪ್ಪತ್ನಾಲ್ಕು ತಿಂಗಳ ಸಾಲುಗಳಿರಲಿ. ಮೊದಲ ಮೂರು ತಿಂಗಳ ಸಾಲಿಗೆ ಹೆಸರು ಬರೆಯಲು ನಾ ಮುಂದು ತಾ ಮುಂದು ಎಂದು ಬರುತ್ತಾರೆ, ನಮ್ಮ ಜನ ಅಷ್ಟು ಒಳ್ಳೆಯವರು. ಹದಿಮೂರನೆಯ ತಿಂಗಳಿನಿಂದ ಮುಂದಿನ ಸಾಲುಗಳಿಗೆ ಯಾರು ಬರೆಯುತ್ತೀರಿ ಎಂಬುದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಕೇಳಬೇಕೆಂದಿದ್ದೇನೆ.